ಬಾಳೆಲೆಯ ಮೇಲೆ ಹಸಿ ಸೊಪ್ಪು

...ಆದರೆ ಅಂದಿನ ಸಲಾಡಿನಲ್ಲಿ ದಾಳಿಂಬೆ ಇತ್ತೇ? ಈ ಕತೆ ಹೇಳುವಾಗಲೆಲ್ಲ ನಾನು ದಾಳಿಂಬೆ ಸೇರಿಸುತ್ತೇನೆ, ಬಣ್ಣಕ್ಕೆ. ಈಗ ಅಡುಗೆಮನೆಯಲ್ಲಿ ಪೇರಳೆ ಹೆಚ್ಚುವಾಗ ಮೂಗಿಗೆ ಬಡಿದ ಪರಿಮಳ ಮಾತ್ರ ಖಂಡಿತ ಅಂದಿನದೇ. ಪೇರಳೆ ಇತ್ತು. ಉಳಿದದ್ದನ್ನು ನೀವು ಅರ್ಧ ನಂಬಿದರೆ ಸಾಕು. ತುಳುವಿನಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯುವಾಗ ಇನ್ನರ್ಧ ಹೇಗೂ ಸೋರಿಹೋಗುತ್ತದೆ.

ಮಡಂತ್ಯಾರಿನಲ್ಲಿರುವ ನನ್ನ ಮಾವನಿಗೆ, ಅಂದರೆ ಹೆಂಡತಿಯ ಅಪ್ಪನಿಗೆ, ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಒಂದು ಬಟ್ಟಲು ಹಸಿ ಸೊಪ್ಪು ತಿನ್ನಿ ಎಂದರು ಡಾಕ್ಟರು. "ನಾನು ದನವಾ?" ಎಂದರು ಮಾವ. ಅಪ್ಪ ಸೊಪ್ಪು ತಿನ್ನುವವರೆಗೆ ಅವರೊಡನೆ ಮಾತಿಲ್ಲ ಎಂದಳು ನನ್ನ ಹೆಂಡತಿ. ದಿನವೂ ಫೋನಿನಲ್ಲಿ ಹರಟುತ್ತಿದ್ದ ಅಪ್ಪ-ಮಗಳ ನಡುವೆ ನಾನು ಅಂಚೆಯವನಾದೆ.

"ಅವಳಿಗೆ ಹೇಳಿ, ಹಲಸಿನ ಹಪ್ಪಳ ಕಳಿಸಿದ್ದೇನೆ."

"ಅವರಿಗೆ ಹೇಳಿ, ಅದನ್ನು ಅವರು ತಿನ್ನದಿದ್ರೆ ಸಾಕು ಅಂತ."

ಕೊನೆಗೆ ಒಂದು ಭಾನುವಾರ ಬಿ.ಸಿ.ರೋಡಿನಲ್ಲಿ ಲೆಟಿಸ್ ಸೊಪ್ಪು ಕೊಂಡು, ಹೆಂಡತಿಯನ್ನೂ ಹೊರಡಿಸಿ ಬಸ್ಸು ಹತ್ತಿದೆ. ಸಲಾಡ್ ಮಾಡುವುದನ್ನು ಮೊಬೈಲಿನಲ್ಲಿ ನೋಡಿ ಕಲಿತಿದ್ದೆ, ಅಂದರೆ ಕಲಿತಿರಲಿಲ್ಲ.

ತೊಳೆದ ಸೊಪ್ಪಿನಲ್ಲಿ ನೀರು ನಿಲ್ಲಬಾರದಂತೆ. ಮೈ ಒರೆಸುವ ಬೈರಾಸಿನಲ್ಲಿ ಗಂಟು ಕಟ್ಟಿ, ಅಂಗಳದಲ್ಲಿ ನಿಂತು ಕವಣೆಯಂತೆ ಗರಗರ ಬೀಸಿದೆ. ಅತ್ತೆ ಹೊರಗೆ ಓಡಿ ಬಂದು, "ಮಂಗ ಬಂತಾ?" ಎಂದರು. ಆಮೇಲೆ ಸೊಪ್ಪನ್ನು ಕೈಯಿಂದ ಹರಿದು, ಪೇರಳೆ ಹೆಚ್ಚಿ ಹಾಕಿ, ಲಿಂಬೆ ಹಿಂಡಿ, ಉಪ್ಪು, ಒಳ್ಳೆಮೆಣಸಿನ ಪುಡಿ ಉದುರಿಸಿದೆ.

"ಒಗ್ಗರಣೆ?"

"ಬೇಡ ಅತ್ತೆ."

"ಮತ್ತೆ ಬೇಯಿಸುವುದು ಯಾವಾಗ?"

"ಬೇಯಿಸ್ಲಿಕ್ಕೂ ಇಲ್ಲ."

ಅತ್ತೆ ನನ್ನನ್ನು ನೋಡಿದರು, ಆಮೇಲೆ ಮಗಳನ್ನು. ಇಂಥವನ ಜೊತೆ ಇಷ್ಟು ವರ್ಷ ಹೇಗೆ ಕಳೆದಳೋ ಎಂಬಂತೆ.

ಅಳಿಯ ಬಂದ ದಿನ ಆ ಮನೆಯಲ್ಲಿ ಬಾಳೆಲೆ ಊಟ. ತೊಂದರೆ ಶುರುವಾದದ್ದೇ ಅಲ್ಲಿ. ಎಲೆಯ ಮೇಲೆ ಉಪ್ಪಿಗೊಂದು ಜಾಗ, ಉಪ್ಪಿನಕಾಯಿಗೊಂದು, ಪಲ್ಯಕ್ಕೊಂದು. ಸಲಾಡಿಗೆ ಯಾವುದು? ಅತ್ತೆ ಬಟ್ಟಲು ಹಿಡಿದು ನಿಂತೇಬಿಟ್ಟರು.

"ಮೇಲೆ ಬಡಿಸಿದ್ರೆ ನಂಜಿಕೊಳ್ಳಲಿಕ್ಕೆ, ನಡುವೆ ಬಡಿಸಿದ್ರೆ ಊಟಕ್ಕೆ," ಎಂದರು ಮಾವ. "ಇದು ಎಂತಕ್ಕೆ ಮಾರಾಯ್ರೆ?"

"ನಡುವೆ. ಪೂರ್ತಿ," ಎಂದಳು ಹೆಂಡತಿ, ಗೋಡೆಗೆ.

ಅನ್ನದ ಜಾಗದಲ್ಲಿ ಹಸಿರು ಗುಡ್ಡೆ ಬಿತ್ತು. ಅತ್ತೆ ಒಳಗೆ ಹೋಗಿ ಬಂದರು. ಎಲೆಯ ನಡುವೆ ಗುಡ್ಡೆ ಕಂಡದ್ದೇ, ಅವರ ಕೈ ಮದುವೆಯಾದಾಗಿನಿಂದ ಮಾಡುತ್ತ ಬಂದದ್ದನ್ನೇ ಮಾಡಿತು: ಸೌಟಿನಿಂದ ಒಂದು ಗುಂಡಿ, ಗುಂಡಿಗೆ ಬಿಸಿ ಸಾರು. ಲೆಟಿಸ್ ಅಲ್ಲೇ ಮಲಗಿತು. "ಅಯ್ಯೋ ದೇವರೇ!" ಎಂದದ್ದು ಹೆಂಡತಿ ಇರಬೇಕು, ಇಲ್ಲವೇ ನಾನೇ.

"ಈಗ ಸರಿ ಆಯ್ತು ನೋಡಿ," ಎಂದು ಮಾವ ಕಲಸತೊಡಗಿದರು.

ನನ್ನ ಎಲೆಗೂ ಸಾರು ಬೀಳುವುದನ್ನು ತಡೆಯಲು ನಾನು ಅತ್ತೆಯತ್ತ ತಿರುಗಿದೆ. ಮತ್ತೆ ನೋಡುವಾಗ ಮಾವನ ಎಲೆ ಮಡಚಿಯಾಗಿತ್ತು. ಹೊಟ್ಟೆ ತುಂಬಿತಂತೆ, ಅನ್ನವೇ ಬೇಡವಂತೆ.

"ಅಪ್ಪ, ತಿಂದ್ರಾ?" ಹೆಂಡತಿಗೆ ತಡೆಯಲಾಗಲಿಲ್ಲ.

ಮಾವ ನನ್ನ ಕಡೆ ತಿರುಗಿ, "ಕೇಳಿದ್ರಾ? ಮಾತಾಡಿದ್ಲು!" ಎಂದರು. ಆಮೇಲೆ ಅವಳಿಗೆ, "ಸಾರಿಗೆ ಉಪ್ಪು ಸರಿ ಉಂಟು ಮಗಾ."

ಎಲೆ ತೆಗೆಯಲು ಬಗ್ಗಿದ ಅವಳ ಬೆರಳು ಮಡಿಕೆಯ ಮೇಲೆ ಒಂದು ಕ್ಷಣ ನಿಂತಿತು. ಬಿಡಿಸಿ ನೋಡಬಹುದಿತ್ತು. ನೋಡಲಿಲ್ಲ. ಅಪ್ಪನನ್ನು ಬೈಯುತ್ತ ಹಾಗೆಯೇ ಎತ್ತಿಕೊಂಡು ಹೋದಳು. ಮಾವ ಹಾಯಾಗಿ ಬೈಸಿಕೊಂಡರು.

ನೆಂಟರಿಗೆ ಹೇಳುವಾಗ ಮಾವ ಕೊನೆಯ ಚೂರನ್ನೂ ಬಿಡಲಿಲ್ಲ ಎಂದೇ ನಾನು ಕತೆ ಮುಗಿಸುತ್ತ ಬಂದಿದ್ದೇನೆ. ಕೇಳುವವರಿಗೂ ಹಾಗೆ ಮುಗಿದರೇ ಖುಷಿ. ಈಗ ಪಕ್ಕದಲ್ಲಿ ಸೊಪ್ಪು ಹರಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ಕೇಳಿದಳು: "ಅಲ್ಲ, ಅಪ್ಪ ಅವತ್ತು ನಿಜವಾಗಿ ತಿಂದಿದ್ರಾ?"

"ಗೊತ್ತಿಲ್ಲ ಮಾರಾಯ್ತಿ," ಎಂದೆ. "ನಾನು ನೋಡಲಿಲ್ಲ."