ವಿಭೂತಿ ಡಬ್ಬಿಯೊಳಗಿನ ಗುಳಿಗೆ

ಕೊರೊನಾ ಮೂರನೇ ಸಲ ಬಂದಿತ್ತಲ್ಲ, ಎರಡು ಸಾವಿರದ ಇಪ್ಪತ್ತೆರಡರ ಸಂಕ್ರಾಂತಿ ಮುಗಿದ ವಾರ. ತುಕ್ಕಾನಟ್ಟಿ ಹತ್ತಿರದ ನಮ್ಮ ಹೊಲದಲ್ಲಿ ಬೆಲ್ಲದ ಗಾಣ ನಡೆದಿತ್ತು. ಈ ಸಲದ್ದು ಹೊಸ ತಳಿ, ಬರೀ ನೆಗಡಿ ಬಂದು ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೂ ನನ್ನ ಮೈದುನನ ಹೆಂಡತಿ ಗಂಗವ್ವನಿಗೂ ಒಂದೇ ದಿನ ಜ್ವರ ಬಂತು. ನನಗೆ ಎಪ್ಪತ್ತಮೂರು, ಅವಳಿಗೆ ಐವತ್ತೆಂಟು. ನನ್ನನ್ನು ಹಿಂದಿನ ಕೋಣೆಗೆ, ಅವಳನ್ನು ಪಡಸಾಲೆ ಪಕ್ಕದ ಕೋಣೆಗೆ ಹಾಕಿದರು. ಸಾಯುವುದಿದ್ದರೆ ನಾನೇ ಮೊದಲು ಎಂದು ಮನೆಯವರೆಲ್ಲ ನನ್ನ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು.

ಗಂಗವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಿದ್ದದ್ದು ನನಗೊಬ್ಬಳಿಗೇ. ಹಿಂದೊಮ್ಮೆ ಕಣ್ಣು ತೋರಿಸಲು ಇಬ್ಬರೂ ಗೋಕಾಕಕ್ಕೆ ಹೋದಾಗ ತಿಳಿದಿತ್ತು. ನಮ್ಮ ಗಾಣದಲ್ಲಿ ಬೆಲ್ಲದ ಹದ ನೋಡುವವಳು ಅವಳೇ. ಕುದಿಯುವ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಾಯಿಗೆ ಹಾಕಿಕೊಂಡು "ಇಳಸ್ರಿ" ಎಂದರೆ ಮಾತ್ರ ಗಂಡಸರು ಕೊಪ್ಪರಿಗೆ ಇಳಿಸುತ್ತಿದ್ದರು. ಗೋಕಾಕದಿಂದ ಬಸ್ಸಿನಲ್ಲಿ ಬರುವಾಗ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಸಕ್ಕರಿ ಬ್ಯಾನ್ಯಾಕಿ ಬೆಲ್ಲಾ ಮಾಡತಾಳಂತ ಊರ ಮಂದಿ ನಗತಾರ. ನನ್ನ ಮಗಾ ಗಾಣದ ಕಡೆ ಕಾಲ ಇಡಾಕ ಬಿಡಂಗಿಲ್ಲ. ಯಾರಿಗೂ ಹೇಳಬ್ಯಾಡ. ಲಿಂಗಾ ಮುಟ್ಟಿ ಆಣಿ ಮಾಡ."

ಕೊರಳಲ್ಲಿದ್ದ ಲಿಂಗ ಮುಟ್ಟಿ ಆಣೆ ಮಾಡಿದೆ. ಗುಳಿಗೆಗಳನ್ನು ಅವಳು ಅಡುಗೆಮನೆಯ ದೇವರ ಜಗಲಿಯಲ್ಲಿ, ಹಳೆಯ ವಿಭೂತಿ ಡಬ್ಬಿಯೊಳಗೆ ಇಡುತ್ತಿದ್ದಳು. ಊಟಕ್ಕೆ ಮೊದಲು ಜಗಲಿಗೆ ಹೋಗುವ ಅತ್ತೆಯ ಭಕ್ತಿಯನ್ನು ಸೊಸೆ ಓಣಿಯಲ್ಲೆಲ್ಲ ಹೊಗಳುತ್ತಿದ್ದಳು. ನಾನು ಸೆರಗು ಅಡ್ಡ ಹಿಡಿದು ನಗುತ್ತಿದ್ದೆ.

ಜ್ವರ ಬಂದ ಎರಡನೇ ದಿನ ಆಶಾ ಕಾರ್ಯಕರ್ತೆ ಬಂದು ಅಂಗಳದಲ್ಲಿ ನಿಂತು ಕೇಳಿದಳು, "ಮನ್ಯಾಗ ಯಾರಿಗರ ಬಿಪಿ, ಶುಗರ್ ಐತೇನ್ರಿ?"

"ನಮ್ಮವ್ವಗ ಏನೂ ಇಲ್ರಿ, ಕಲ್ಲ ಇದ್ದಂಗ ಅದಾಳ. ದೊಡ್ಡವ್ವಗ ವಯಸ್ಸಾಗೇತಿ, ಆಕೀದ ಚಿಂತಿ ನಮಗ" ಎಂದ ಗಂಗವ್ವನ ಮಗ ಬಸು.

ಆಚೆ ಕೋಣೆಯಲ್ಲಿ ಗಂಗವ್ವ ಜೋರಾಗಿ ಕೆಮ್ಮಿದಳು. ಅದು ರೋಗದ ಕೆಮ್ಮಲ್ಲ, ನನಗೆ ಕೇಳಲೆಂದು ಕೆಮ್ಮಿದ್ದು. ನಾನು ಬಾಯಿ ಮುಚ್ಚಿಕೊಂಡೆ.

ಮೂರು ದಿನಕ್ಕೆ ನನ್ನ ಜ್ವರ ಬಿಟ್ಟಿತು. ಅವಳದ್ದು ಬಿಡಲಿಲ್ಲ. ಕೊಟ್ಟ ರೊಟ್ಟಿ ಹಾಗೇ ವಾಪಸು ಬರುತ್ತಿತ್ತು. "ನೀರ ಕೊಡ್ರಿ, ನೀರ ಕೊಡ್ರಿ" ಎಂಬ ಕೂಗೊಂದೇ. ತುಂಬಿದ ತಂಬಿಗೆ ಇಟ್ಟು ಬಂದರೆ ಮತ್ತೆ ಕೂಗು. ಜ್ವರಕ್ಕೆ ಬಾಯಿ ಒಣಗಿದೆ ಎಂದರು ಮನೆಯವರು. ನನಗೆ ಮಾತ್ರ ಮಲಗಿದಲ್ಲಿ ಸಮಾಧಾನವಿಲ್ಲ. ಐದನೇ ದಿನ ಬೆಳಿಗ್ಗೆ ಬಾಯಿಗೆ ಸೆರಗು ಕಟ್ಟಿಕೊಂಡು, ಸೊಸೆ ಬೇಡವೆಂದರೂ ಕೇಳದೆ ಅಡುಗೆಮನೆಗೆ ಹೋಗಿ ಆ ಡಬ್ಬಿ ತೆರೆದೆ.

ಜ್ವರ ಬರುವ ಹಿಂದಿನ ದಿನ ಗೋಕಾಕದಿಂದ ತಂದಿದ್ದ ಗುಳಿಗೆ ಪಟ್ಟಿ ಹಾಗೇ ಇತ್ತು. ಒಂದೂ ಕಡಿಮೆಯಾಗಿರಲಿಲ್ಲ. ಕೋಣೆಯಲ್ಲಿ ಕೂಡಿಹಾಕಿದವಳು ಜಗಲಿಗೆ ಹೇಗೆ ಬರುತ್ತಾಳೆ? ಯಾರನ್ನಾದರೂ ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಕೇಳದೆ ಮಲಗಿದ್ದಾಳೆ, ಕತ್ತೆ! ಅವಳ ಕೋಣೆಗೆ ಹೋದರೆ ಉಸಿರಿನ ಸದ್ದು ಬಾಗಿಲಿಗೇ ಕೇಳುತ್ತಿತ್ತು.

"ಬಸೂ, ಗಾಡಿ ತಗಿ. ನಿಮ್ಮವ್ವಗ ಸಕ್ಕರಿ ಬ್ಯಾನಿ ಐತಿ. ಐದ ದಿನಾ ಆತು ಗುಳಿಗಿ ತಗೊಂಡಿಲ್ಲ."

ಗಂಗವ್ವ ಕಣ್ಣು ತೆರೆದಳು. "ಅಕ್ಕಾ... ಆಣಿ ಮಾಡಿದ್ದಿ."

"ಲಿಂಗಪ್ಪಗ ನಾ ಹೇಳಕೋತೇನಿ. ನೀ ಮೊದಲ ಏಳ."

ಘಟಪ್ರಭಾದ ದವಾಖಾನೆ ಮುಟ್ಟುವವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಒಂದು ಉಸಿರು ಬರಲು ತಡವಾದರೆ ನಾನೇ ಹಿಡಿದು ಅಲುಗಾಡಿಸುತ್ತಿದ್ದೆ. ಅಲ್ಲಿ ನರ್ಸ್ ಬೆರಳು ಚುಚ್ಚಿ ಸಣ್ಣ ಯಂತ್ರಕ್ಕೆ ರಕ್ತ ಹಚ್ಚಿದಳು. ಬಸು ಬಗ್ಗಿ ನೋಡಿದ.

"ನಂಬರ್ ಬಂದಿಲ್ರಿ, ಹಾಯ್ ಅಂತ ಬಂದೈತಿ."

"ಅದು ನಿಮ್ಮನ್ನ ಮಾತಾಡಸಾಕತ್ತಿಲ್ರಿ. ಯಂತ್ರಕ್ಕ ಅಳಿಯಾಕ ಆಗದಷ್ಟು ಸಕ್ಕರಿ ಏರೇತಿ" ಎಂದರು ಡಾಕ್ಟರಬಾಯಿ. ಆಕ್ಸಿಜನ್ ಹಚ್ಚಿಸಿದರು.

ನಾನು ಕೇಳಿದೆ, "ಈ ಸಲದ್ದು ಹಗೂರ ತಳಿ ಅಂದ್ರಲ್ರಿ? ನಾ ಮುದುಕಿ ಎದ್ದ ಕುಂತೇನಿ, ಈಕಿ ಯಾಕ ಹಿಂಗಾದಳು?"

"ಆಯಿ, ತಳಿ ಹಗೂರ ಇರಬಹುದು. ಸಕ್ಕರಿ ಹಿಡತದಾಗ ಇಲ್ಲದ ಮೈಯಾಗ ಹೊಕ್ಕರ ಅದ ರೋಗ ಜೋರ ಮಾಡತೈತಿ. ಅದಕ್ಕ ಬಾಗಲಿಗೆ ಬಂದ ಕೇಳತಾರ. ನಿಮ್ಮ ಮನ್ಯಾಗ ಯಾರಿಗೂ ಗೊತ್ತಿರಲಿಲ್ಲೇನು?"

ಬಸು ಇಲ್ಲವೆಂದು ತಲೆ ಅಲ್ಲಾಡಿಸಿದ.

"ನನಗ ಗೊತ್ತಿತ್ರಿ" ಎಂದೆ.

ಬಸು ನನ್ನ ಕಡೆ ನೋಡದೆ ಅವಳ ಮಂಚದ ಹತ್ತಿರ ಹೋಗಿ ನಿಂತ. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಏನೂ ಹೇಳಲು ಬರುವುದಿಲ್ಲ ಎಂದರು. ಆ ಎರಡು ದಿನ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತೆ. ಒಳಗಿನಿಂದ ಯಾರು ಬಂದರೂ ಎದ್ದು ನಿಲ್ಲುತ್ತಿದ್ದೆ. ಲಿಂಗ ಹಿಡಿದುಕೊಂಡರೆ ಆಶಾ ಬಂದ ದಿನದ ಆ ಕೆಮ್ಮು ನೆನಪಾಗಿ ಕೈ ಬಿಡುತ್ತಿದ್ದೆ. ಮೂರನೇ ದಿನ ಬಸು ಓಡಿ ಬಂದ. "ದೊಡ್ಡವ್ವಾ, ಅವ್ವಾ ನಿನ್ನ ಬೈಯಾಕತ್ತಾಳ!" ಎಂದ. ಆಗ ನನಗೂ ಉಸಿರು ಬಂತು.

ಮನೆಗೆ ಬಂದ ಮೇಲೆ ಎರಡು ತಿಂಗಳು ನನ್ನೊಂದಿಗೆ ಮಾತಿಲ್ಲ. ಮುಂದಿನ ವರ್ಷ ಗಾಣ ಹೂಡಿದಾಗ ಹದ ನೋಡಲು ಅವಳನ್ನೇ ಕರೆದರು. ಯಾರೂ ನಗಲಿಲ್ಲ. ಪಾಕ ನೀರಿಗೆ ಬಿಟ್ಟು, ಬೆರಳಲ್ಲಿ ಹೊರಳಿಸಿ, ಆ ಉಂಡೆಯನ್ನು ನನ್ನ ಬಾಯಿಗೆ ತುರುಕಿದಳು.

"ನುಂಗ. ಗುಟ್ಟಂತೂ ನಿನ್ನ ಹೊಟ್ಯಾಗ ನಿಲ್ಲಂಗಿಲ್ಲ, ಬೆಲ್ಲರ ನಿಲ್ಲಲಿ."

ಆಣೆ ಮುರಿದದ್ದಕ್ಕೆ ನನಗೆ ಬೇಸರವಿಲ್ಲ. ಆಶಾ ಬಂದು ಕೇಳಿದ ದಿನವೇ ಮುರಿಯಬೇಕಿತ್ತು. ಈಗ ಗುಳಿಗೆಗಳು ಎಲ್ಲರಿಗೂ ಕಾಣುವಂತೆ ಅಡುಗೆಮನೆಯ ಕಟ್ಟೆಯ ಮೇಲಿರುತ್ತವೆ. ಆದರೂ ಗಂಗವ್ವ ಎರಡನೇ ಸಲ ನೀರು ಕೇಳಿದರೆ ನಾನು ಕುಳಿತಲ್ಲಿ ಕೂರುವುದಿಲ್ಲ. ಎದ್ದು ಹೋಗಿ ಪಟ್ಟಿಯಲ್ಲಿ ಎಷ್ಟು ಗುಳಿಗೆ ಉಳಿದಿವೆ ಎಂದು ನೋಡಿ ಬರುತ್ತೇನೆ.