ಜಬೀವುಲ್ಲಾ ಸಾಬರ ಊದುಬೀಡಿ

ಚಿತ್ರದುರ್ಗದ ನಮ್ಮ ಓಣಿಯ ತುದಿಯಲ್ಲಿ ಜಬೀವುಲ್ಲಾ ಸಾಬರ ಮರಗೆಲಸದ ಅಂಗಡಿ ಇದೆ. ಮಂಚದ ಕಾಲು, ಲಟ್ಟಣಿಗೆ, ಬುಗುರಿ, ತೊಟ್ಟಿಲ ಕಂಬ, ನಮ್ಮ ಕಡೆ ಮರದಲ್ಲಿ ದುಂಡಗೆ ಆಗಬೇಕಾದದ್ದೆಲ್ಲ ಅವರ ಲೇತಿನ ಮೇಲೆ ತಿರುಗಿಯೇ ಆಗಬೇಕು. ಅಂಗಡಿಯ ಹಿಂದೆಯೇ ಮನೆ. ನನ್ನ ಹೊಲಿಗೆ ಯಂತ್ರ ಆ ಮನೆಯ ಗೋಡೆಗೆ ಅಂಟಿಕೊಂಡಂತೆ ಇದೆ. ರವಿಕೆಗೆ ಕಾಜ ಮಾಡುತ್ತಾ ಕೂತರೆ ಅಲ್ಲಿನ ಮಾತೆಲ್ಲ ತಾನಾಗಿ ಬಂದು ಕಿವಿಯಲ್ಲಿ ಕೂರುತ್ತದೆ. ಅವರ ಮನೆಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಓಣಿಗೂ ಅರ್ಥವಾಗಿ ನಾಲ್ಕು ಜನ ನ್ಯಾಯ ಹೇಳಲಿ ಎಂದು ಸಾಬರ ಹೆಂಡತಿ ಸುಗ್ರಾ ಹಾಗೆ ನಡೆಸಿಕೊಂಡು ಬಂದಿದ್ದಾರೆ.

ಜಗಳವೆಲ್ಲ ಒಂದೇ, ಬೀಡಿಯದು. ಸಾಬರಿಗೆ ಬೀಡಿ ಕಲಿಸಿದ್ದು ಅವರ ತಂದೆ, ಆದರೆ ಅದು ತಂದೆಗೇ ಗೊತ್ತಿರಲಿಲ್ಲ. ಕೆಲಸದಿಂದ ಕೈ ತೆಗೆಯದೆ, ಒಲೆಯಲ್ಲಿ ಹಚ್ಚಿಕೊಂಡು ಬಾ ಎಂದು ಮಗನ ಕೈಗೆ ಬೀಡಿ ಕೊಡುತ್ತಿದ್ದರಂತೆ. ಒಲೆಯಿಂದ ಅಂಗಡಿಗೆ ಬರುವಷ್ಟರಲ್ಲಿ ಆರಿಹೋಗುವುದು ಬೀಡಿಯ ಜಾಯಮಾನ. ಆರಬಾರದೆಂದರೆ ದಾರಿಯಲ್ಲಿ ಒಂದು ದಮ್ಮು ಎಳೆಯಲೇಬೇಕು.

"ಅಪ್ಪನ ಮಾತು ನಡೆಸಿದ್ದಷ್ಟೇ ಕಣಮ್ಮ, ಚಟ ಮಾಡಿದ್ದಲ್ಲ" ಎಂದು ಸಾಬರು ಇವತ್ತಿಗೂ ವಾದಿಸುತ್ತಾರೆ. ಅಂದು ಆರದಂತೆ ನೋಡಿಕೊಂಡ ಬೀಡಿ ಅವರಿಗೆ ಅರವತ್ತು ದಾಟಿದರೂ ಆರಿರಲಿಲ್ಲ.

ಹೋದ ವರ್ಷ ಅವರ ಒಬ್ಬಳೇ ಮಗಳು ಸನೋಬರ್ ಹೆರಿಗೆಗೆಂದು ಹೊಸದುರ್ಗದ ಗಂಡನ ಮನೆಯಿಂದ ಬಂದಳು. ಹೆಣ್ಣು ಮಗುವಾಯಿತು. ಎಲ್ಲರೂ ಮುನ್ನಿ ಎಂದರು. ಉಸಿರಾಡುವಾಗ ಅದರ ಎದೆ ಗುರುಗುರು ಎನ್ನುತ್ತಿತ್ತು. ದೊಡ್ಡದಾಗುತ್ತಾ ಸರಿಹೋಗುತ್ತದೆ, ಆದರೆ ಮಗುವಿನ ಹತ್ತಿರ ಯಾವ ಹೊಗೆಯೂ ಬೇಡ, ಹೊಗೆ ಕುಡಿದ ಬಟ್ಟೆ, ಕೈ ಕೂಡ ಬೇಡ ಎಂದರು ಡಾಕ್ಟರಮ್ಮ.

ಸನೋಬರ್ ಮನೆಗೆ ಬಂದವಳೇ ಕಾನೂನು ಮಾಡಿದಳು. ಅಮ್ಮನ ಸಾಂಬ್ರಾಣಿ ಬಂದ್. ಅಪ್ಪ ತೊಟ್ಟಿಲಿಂದ ಬಾಗಿಲಾಚೆ.

"ತೊಟ್ಟಿಲು ಕಡೆದಿದ್ದು ಯಾರೇ?" ಎಂದರು ಸಾಬರು, ಹೊಸ್ತಿಲ ಹೊರಗೆ ನಿಂತು.

"ನೀನೇ ಅಬ್ಬಾ. ಅದಕ್ಕೆ ಅಲ್ಲಿಂದ ನೋಡೋಕೆ ಬಿಟ್ಟಿರೋದು. ಬೀಡಿ ಬಿಡು, ಮೈಯಿಂದ ವಾಸ್ನೆ ಹೋಗ್ಲಿ, ಆಮೇಲೆ ಎತ್ಕೋ. ಮೂರು ತಿಂಗಳು ಇಲ್ಲೇ ಇರ್ತೀನಲ್ಲ."

"ಮೂರು ತಿಂಗಳಲ್ಲಿ ಬಿಡದಿದ್ರೆ?"

"ಹೊಸದುರ್ಗಕ್ಕೆ ಬಂದು ನಮ್ಮನೆ ಬಾಗಿಲಾಚೆ ನಿಂತ್ಕೋ."

ಸಾಬರು ಮೊದಲು ಮೆಡಿಕಲ್ ಅಂಗಡಿಯಿಂದ ಬೀಡಿ ಬಿಡಿಸುವ ಚೂಯಿಂಗ್ ಗಮ್ ತಂದರು. ಅಗಿದರು. ಬಾಯಿ ಖಾರ ಖಾರವಾಯಿತು. ಖಾರದ ಮೇಲೆ ಚೆನ್ನಾಗಿರುತ್ತದೆಂದು ಒಂದು ಬೀಡಿ ಹಚ್ಚಿದರು. ಗಮ್ ಹೇಗಿತ್ತು ಎಂದು ಕೇಳಿದರೆ "ಬೀಡಿಗೆ ಒಳ್ಳೆ ಜೋಡಿ" ಎಂದರು. ಸುಗ್ರಾ ಅವತ್ತು ಕನ್ನಡದಲ್ಲಿ ತುಂಬಾ ಹೊತ್ತು ಮಾತಾಡಿದರು.

ಆ ಮಾತಿನ ಮಧ್ಯೆಯೇ ಸಾಬರಿಗೆ ಹೊಳೆದದ್ದು, ತನ್ನ ತುಟಿಗೂ ಬೆರಳಿಗೂ ಹಿಡಿದುಕೊಳ್ಳಲು ಏನಾದರೂ ಬೇಕು, ಇಲ್ಲದಿದ್ದರೆ ಅವು ಸುಮ್ಮನಿರುವುದಿಲ್ಲ ಎಂದು. ಬೆರಳುದ್ದದ ಹಾಲೆ ಮರದ ತುಂಡು ತೆಗೆದುಕೊಂಡು, ಬೀಡಿಯ ಹಾಗೆಯೇ ಒಂದು ಕಡೆ ಸಣ್ಣಗೆ ಒಂದು ಕಡೆ ದಪ್ಪಗೆ ಕಡೆದರು. ಒಳಗೆ ಕೊರೆದು ಓಮ, ಲವಂಗ, ಒಣಶುಂಠಿ ಜಜ್ಜಿ ತುಂಬಿದರು. ಪುಡಿ ಬಾಯಿಗೆ ಬರಬಾರದೆಂದು ತುಟಿಯ ಕಡೆ ಒಂದು ಬಿರಡೆ. ಉಸಿರಾಡಲೆಂದು ಬಿರಡೆಯ ಮೇಲೆ ಕೂದಲೆಳೆಯಷ್ಟು ಸಂದು. ಪರಿಮಳ ಹೊರಗೂ ಬರಲೆಂದು ಸಂದಿನ ಮುಂದೆ ಓರೆಯಾಗಿ ಒಂದು ಕಂಡಿ. ಮಕ್ಕಳ ಪೀಪಿಯೂ ಥೇಟ್ ಹೀಗೆಯೇ ಇರುತ್ತದೆಂಬುದು ಆಗ ಯಾರಿಗೂ ನೆನಪಾಗಲಿಲ್ಲ.

ಹೊಸ್ತಿಲಾಚೆ ನಿಂತು, ಹೆಂಡತಿ ಮಗಳ ಎದುರಿಗೆ, ಸಾಬರು ಅದನ್ನು ತುಟಿಗಿಟ್ಟು ಎಳೆದರು. ಕಣ್ಣು ಮುಚ್ಚಿದರು. ಎದೆಯೆಲ್ಲ ತಂಪಾಯಿತಂತೆ. ಬೀಡಿ ಸೇದುವವರು ಹೊಗೆ ಬಿಡುವಾಗ ಬೀಡಿಯನ್ನು ಬಾಯಿಂದ ತೆಗೆಯುತ್ತಾರೆ. ಇಲ್ಲಿ ಹೊಗೆಯೇ ಇಲ್ಲವಲ್ಲ, ತೆಗೆಯುವ ನೆನಪೂ ಬರಲಿಲ್ಲ. ಹಾಗೆಯೇ ಉಸಿರು ಬಿಟ್ಟರು.

ಪೀಂ!

ನಾನು ಸೂಜಿಯಿಂದ ಬೆರಳು ಚುಚ್ಚಿಕೊಂಡೆ. ಸನೋಬರ್ ಬಾಣಂತಿ ಎಂಬುದನ್ನೂ ಮರೆತು ಬಿದ್ದು ಬಿದ್ದು ನಕ್ಕಳು. ಸ್ವಲ್ಪ ಹೊತ್ತಿಗೆ ಎದುರುಮನೆಯ ಏಕಾಂತಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದರು.

"ಸಾಬ್ರೇ, ಏನ್ರಿ ಇದು? ನಿಮ್ಮ ಪೀಪಿನೂ ಲೆಕ್ಕಕ್ಕೆ ಸೇರಿಸ್ಕೊಂಡು ಕುಕ್ಕರ್ ಮೂರು ಕೂಗು ಆಯ್ತು ಅಂತ ನಾನು ಒಲೆ ಆರಿಸ್ಬಿಟ್ಟೆ. ಅನ್ನ ಆಗಿಲ್ಲ, ಅಕ್ಕಿನೇ ಐತೆ!"

ಸಾಬರಿಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ಆ ಮಧ್ಯಾಹ್ನ ಬೀಡಿಯ ನೆನಪಾಗಲಿಲ್ಲವಂತೆ. ಇನ್ನಷ್ಟು ಕಡೆದು ಅಂಗಡಿಗೆ ಬಂದ ಬೀಡಿ ಬಳಗಕ್ಕೆಲ್ಲ ಹಂಚಿದರು. ಕುಡುಗೋಲಿಗೆ ಹಿಡಿ ಹಾಕಿಸಲು ಮದಕರಿಪುರದಿಂದ ಬಂದಿದ್ದ ಕುರಿಗಾರ ಕರಿಸಿದ್ದಪ್ಪನಿಗೂ ಒಂದು ಸಿಕ್ಕಿತು.

ಕರಿಸಿದ್ದಪ್ಪ ವಾರದೊಳಗೆ ವಾಪಸು ಬಂದ. ಕಂಬಳಿ ಕೊಡವಿ ಕಟ್ಟೆಯ ಮೇಲೆ ಕೂತ.

"ಏನಪ್ಪ ಸಾಬಣ್ಣ, ನನ್ನ ಕುರಿ ಕೆಡಿಸಿಬಿಟ್ಟೆಯಲ್ಲೋ!"

"ನಾನೇನು ಮಾಡಿದೆ ನಿನ್ನ ಕುರಿಗೆ?"

"ನಾನು ಸಿಳ್ಳೆ ಹೊಡೆದ್ರೆ ಎಲ್ಲಿದ್ರೂ ಬರ್ಬೇಕು ಅಂತ ಮರಿಯಾಗಿದ್ದಾಗಿಂದ ಕಲಿಸೀನಿ. ಈಗ ನಂಗೆ ಬೀಡಿ ನೆನಪಾಗ್ತೈತೆ, ಇದನ್ನ ಬಾಯಿಗಿಡ್ತೀನಿ, ಪೀಂ ಅಂತೈತೆ, ಅಷ್ಟೂ ಕುರಿ ಮೇಯೋದು ಬಿಟ್ಟು ಓಡಿಬಂದು ಸುತ್ತ ನಿಂತ್ಕಂಡು ನನ್ನ ಮುಖ ನೋಡ್ತವೆ. ಹೋಗ್ರಲೇ ಅಂತ ಅಟ್ಟಿದ್ರೆ ಹೋಗ್ತವೆ. ಮತ್ತೆ ನಂಗೆ ಆಸೆ ಆಗ್ತೈತೆ. ಮತ್ತೆ ಪೀಂ. ಮತ್ತೆ ಬಂದು ನಿಂತವೆ! ನನ್ನ ಚಟಕ್ಕೆ ಅವು ಉಪಾಸ ಬೀಳ್ಬೇಕೇನೋ?"

"ಹಂಗಾರೆ ಬೀಡಿಗೇ ವಾಪಸ್ ಹೋದ್ಯಾ?"

"ಎಲ್ಲಿ ಹೋಗ್ಲಿ? ಆ ಟಗರು ಐತಲ್ಲ, ಅದು ನೋಡೋ ನೋಟ ನಮ್ಮಪ್ಪ ನೋಡಿದಂಗೈತೆ. ನಾಚಿಕೆಯಾಗಿ ಎರಡನ್ನೂ ಜೇಬಿಗೆ ಇಟ್ಕಂಡು ಕೂತಿದ್ದೀನಿ." ಹೀಗೆ ಹೇಳಿ ಅದಕ್ಕೊಂದು ಹೆಸರನ್ನೂ ಇಟ್ಟ. "ಹಚ್ಚಿದ್ರೆ ಊದುಬತ್ತಿ, ಹಚ್ಚದಿದ್ರೆ ಊದುಬೀಡಿ."

ಹೆಸರು ಓಣಿಗೆಲ್ಲ ಹಬ್ಬಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಾಬರು ಒಂದು ಚೀಲ ಲಟ್ಟಣಿಗೆ ಹೊತ್ತು ಹೊಳಲ್ಕೆರೆಯ ಅಂಗಡಿಗೆ ಕೊಡಲು ಬಸ್ಸು ಹತ್ತಿದರು. ಕಂಡಕ್ಟರ್ ಓಬಳೇಶ್ ಹಿಂದಿನ ಬಾಗಿಲಲ್ಲಿದ್ದ. ಅವನು ಒಂದು ಸಲ ಪೀಪಿ ಊದಿದರೆ ನಿಲ್ಲಿಸಬೇಕು, ಎರಡು ಸಲ ಊದಿದರೆ ಹೋಗಬೇಕು ಎಂಬುದು ಡ್ರೈವರನಿಗೆ ವೇದ. ದಾರಿಯಲ್ಲಿ ಎಲ್ಲಿಂದಲೋ ಬೀಡಿ ವಾಸನೆ ತೇಲಿಬಂತು. ಸಾಬರ ಕೈ ಜೇಬಿಗೆ ಹೋಯಿತು.

ಪೀಂ. ಬಸ್ಸು ಗಕ್ಕನೆ ನಿಂತಿತು.

"ಯಾರ್ರೀ ಇಳಿಯೋರು? ಇಲ್ಲೇನು ನಿಮ್ಮತ್ತೆ ಮನೆ ಐತಾ?" ಎಂದ ಓಬಳೇಶ್.

ಯಾರೂ ಇಳಿಯಲಿಲ್ಲ. ಸಾಬರು ಗಾಬರಿಯಾದರು. ಗಾಬರಿಯಲ್ಲಿ ಅದನ್ನು ತುಟಿಯಿಂದ ತೆಗೆಯಲು ಮರೆತರು. ಏದುಸಿರು ಬಂತು. ಪೀಂ ಪೀಂ. ಬಸ್ಸು ಹೊರಟಿತು. ಪೀಂ. ನಿಂತಿತು. ಪೀಂ ಪೀಂ. ಹೊರಟಿತು. ಮುಂದಿನ ಸೀಟಿನಲ್ಲಿ ಬಾಳೆಹಣ್ಣಿನ ಬುಟ್ಟಿ ತಬ್ಬಿಕೊಂಡಿದ್ದ ಮುದುಕಿ ಯಲ್ಲಕ್ಕ ಡ್ರೈವರನಿಗೆ ಕೂಗಿದಳಂತೆ:

"ಲೇ ಅಪ್ಪಾ, ಬಸ್ ಓಡಿಸ್ತೀಯೋ, ತೊಟ್ಟಿಲು ತೂಗ್ತೀಯೋ?"

ಕೊನೆಗೆ ಓಬಳೇಶ್ ಬಂದು ಸಾಬರ ಬಾಯಿಂದಲೇ ಅದನ್ನು ಕಿತ್ತುಕೊಂಡ. ವಿಷಯ ಕೇಳಿ ಬಸ್ಸಿಗೆ ಬಸ್ಸೇ ನಕ್ಕಿತು. ಇಳಿಯುವಾಗ ಓಬಳೇಶ್ ಹತ್ತಿರ ಬಂದು, "ನಂಗೂ ಒಂದು ಮಾಡ್ಕೊಡ್ರಿ ಸಾಬ್ರೇ, ಮನೇಲಿ ಕಾಟ ಜಾಸ್ತಿಯಾಗೈತೆ. ಆದ್ರೆ ಊದದೇ ಇರೋದು ಕೊಡ್ರಿ, ಕೆಲಸ ಹೋದೀತು" ಎಂದು ಪಿಸುಗುಟ್ಟಿದ.

ಸಾಬರಿಗೆ ಅದೇ ಸರಿಯೆನಿಸಿತು. ಬಂದವರೇ ಇದ್ದ ಊದುಬೀಡಿಗಳ ಕಂಡಿಗೆಲ್ಲ ಮೇಣ ಮೆತ್ತಿದರು. ಈಗ ಎಳೆದರೂ ಬಿಟ್ಟರೂ ಸದ್ದಿಲ್ಲ. ನೋಡಲು ಅಚ್ಚುಕಟ್ಟು. ಏಕಾಂತಮ್ಮನ ಅನ್ನವೂ ಹದವಾಗಿ ಬೇಯತೊಡಗಿತು.

ಓಣಿ ಸಪ್ಪಗಾಯಿತು. ಹತ್ತು ಹನ್ನೆರಡು ದಿನಗಳಲ್ಲಿ ಸಾಬರೂ ಸಪ್ಪಗಾದರು. ಒಂದು ಸಂಜೆ ಗೋಡೆಯಾಚೆ ಸುಗ್ರಾರ ಮಾತು ಕೇಳಿಸಿತು.

"ಕಾಲರ್ ಇಲ್ಲಿ ತನ್ನಿ."

"ಯಾಕೆ, ಬಟನ್ ಹೋಗೈತಾ?"

"ಮೂಗಿಗೆ ಕೆಲಸ ಐತೆ."

ಬೈಗುಳ ಬಂದೀತೆಂದು ಕತ್ತರಿ ಕೆಳಗಿಟ್ಟು ಕಾದೆ, ಬರಲಿಲ್ಲ. ಸಾಬರು ಮತ್ತೆ ಬೀಡಿ ಸೇದಿದ್ದರು. ಸನೋಬರ್ ಬಾಗಿಲ ಕಡೆ ಮುಖ ಮಾಡಿದ್ದ ತೊಟ್ಟಿಲನ್ನು ಒಳಗೋಡೆಯ ಹತ್ತಿರಕ್ಕೆ ಎಳೆದುಕೊಂಡಳಂತೆ, ಅಷ್ಟೇ. ಹೊರಗಿನಿಂದ ನೋಡುವವರಿಗೆ ಇನ್ನು ಕಂಬ ಮಾತ್ರ ಕಾಣಬೇಕು. ಆ ಮಂಗಳವಾರ ಬರಗೇರಮ್ಮನ ಗುಡಿಯಲ್ಲಿ ನಮ್ಮವರ ಹೆಸರುಗಳ ಜೊತೆ ಸಾಬರ ಹೆಸರನ್ನೂ ಸೇರಿಸಿ ಕೈಮುಗಿದೆ. ಅಮ್ಮನಿಗೆ ಬೀಡಿಯ ವಿಷಯ ಹೇಳಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಹೇಳಿದೆ.

ಸುಗ್ರಾ ಗಂಡನೆದುರು ಬಾಯಿಬಿಟ್ಟದ್ದು ಮರುದಿನ.

"ಆ ಮೇಣ ಕಿತ್ತಾಕ್ರಿ."

"ಜನ ನಗ್ತಾರೆ ಕಣೇ."

"ನಗಲಿ. ಪೀಂ ಅಂದಾಗ ನಿಮಗೆ ಆಸೆ ಹುಟ್ಟಿದ್ದು ನಂಗೆ ಅಡಿಗೆಮನೇಲೇ ಗೊತ್ತಾಗ್ತಿತ್ತು. ಚಾ ತರ್ತಿದ್ದೆ, ಇಲ್ಲಾ ಬೈತಿದ್ದೆ. ಏನೋ ಒಂದು ಮಾತು ಬೆಳೀತಿತ್ತು, ನಿಮ್ಮ ಆಸೆ ಹೋಗ್ತಿತ್ತು. ಈಗ ಮೂಗರಂಗೆ ಒಬ್ಬರೇ ಕೂತು ಒಬ್ಬರೇ ಸೋಲ್ತೀರಿ."

ಸಾಬರು ಲೇತು ನಿಲ್ಲಿಸಿ ಮೇಣ ಕಿತ್ತರು. ಆಮೇಲೆ ಗೋಡೆಯಾಚೆಯಿಂದ ಬಂತು ಸದ್ದು, ಪೀಂ. "ಬಂದೇ!" ಎಂದರು ಸುಗ್ರಾ. ನಾನು ಯಂತ್ರ ನಿಲ್ಲಿಸಿ ನಗುತ್ತಾ ಕೂತೆ.

ಅಲ್ಲಿಂದ ಮುಂದೆ ನಮ್ಮ ಓಣಿಗೆ ಹುಚ್ಚು ಹಿಡಿಯಿತೆಂದೇ ಹೇಳಬೇಕು. ಸಾಬರು ಪೀಂ ಎಂದರೆ ಸುಗ್ರಾ ಒಳಗಿನಿಂದ ಕೂಗುತ್ತಾರೆ. ಸುಗ್ರಾ ನೀರಿಗೆ ಹೋಗಿದ್ದರೆ ಏಕಾಂತಮ್ಮ, "ತಡ್ಕಳ್ರಿ ಸಾಬ್ರೇ, ಬಂದೆ!" ಎಂದು ಮಂಡಕ್ಕಿ ಹಿಡಿದು ಓಡುತ್ತಾರೆ. ಸೊಪ್ಪಿನ ಗಾಡಿಯವನು ಗಾಡಿ ನಿಲ್ಲಿಸಿ ಒಂದು ಚಾಡಿ ಹೇಳಿ ಹೋಗುತ್ತಾನೆ. ನಾನು ಸಂಜೆ ದೀಪ ಹಚ್ಚುತ್ತಿದ್ದಾಗಲೇ ಪೀಂ ಎಂದು, ಶ್ಲೋಕದ ಮಧ್ಯೆ ನಗು ಬಂದು, ದೇವರೂ ನಕ್ಕಿರಬೇಕೆಂದು ಸಮಾಧಾನ ಮಾಡಿಕೊಂಡದ್ದಿದೆ. ಅತ್ತ ತುದಿಯ ಸಣ್ಣತಿಮ್ಮಪ್ಪನಿಗೂ ಒಂದು ಸಿಕ್ಕಿತು. ಅವನು ಅಲ್ಲಿಂದ ಪೀಂ, ಇವರು ಇಲ್ಲಿಂದ ಪೀಂ. ಬೀಡಿ ಬಿಡುವವರೆಲ್ಲ ಹಕ್ಕಿಗಳಂತೆ ಕೂಗಾಡತೊಡಗಿದರು. ಏಕಾಂತಮ್ಮ ಮಾತ್ರ ಕುಕ್ಕರ್ ಬಿಟ್ಟು ಅನ್ನವನ್ನು ಪಾತ್ರೆಯಲ್ಲೇ ಬೇಯಿಸಲು ಶುರುಮಾಡಿದರು.

ಬರಬರುತ್ತಾ ಕೂಗು ಕಡಿಮೆಯಾಯಿತು. ಒಮ್ಮೊಮ್ಮೆ ಇಡೀ ಬೆಳಿಗ್ಗೆ ಏನೂ ಕೇಳದೆ ಏಕಾಂತಮ್ಮನೇ ಬಂದು, "ಆರೋಗ್ಯ ಹೆಂಗೈತೆ ಸಾಬ್ರೇ?" ಎಂದು ವಿಚಾರಿಸಿ ಹೋಗುವಂತಾಯಿತು.

ಮೂರು ತಿಂಗಳು ತುಂಬಿದ ಭಾನುವಾರ ಅಳಿಯ ಅಮಾನ್ ಹೊಸದುರ್ಗದಿಂದ ಕಾರು ತಂದ. ಗಂಟುಮೂಟೆಗಳೆಲ್ಲ ಡಿಕ್ಕಿಗೆ ಹೋದವು. ನಾನು ಮಗುವಿಗೆಂದು ಹೊಲಿದ ಕುಲಾವಿ ಕೊಡಲು ಹೋಗಿದ್ದೆ. ಸಾಬರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಹೊಸ್ತಿಲಾಚೆ, ತಮ್ಮ ಜಾಗದಲ್ಲೇ ನಿಂತಿದ್ದರು. ಒಳಗೆ ಬರಲೇ ಎಂದು ಕೇಳಲೂ ಇಲ್ಲ.

ಸನೋಬರ್ ಹೊರಗೆ ಬಂದಳು. ಅಪ್ಪನ ಬಲಗೈ ಹಿಡಿದು ಒಂದೊಂದೇ ಬೆರಳು ಮೂಸಿದಳು. ಕಾಲರ್ ಮೂಸಿದಳು. ಹಿಮ್ಮಡಿಯೆತ್ತಿ ಗಡ್ಡ ಮೂಸಿದಳು. ಸಾಬರು ಉಸಿರು ಬಿಗಿಹಿಡಿದು ಆಕಾಶ ನೋಡುತ್ತಿದ್ದರು.

"ಅಬ್ಬಾ."

"ಹೂಂ."

"ಕೈ ತೊಳ್ಕೊಂಡು ಬಾ."

ಅವರ ಮುಖ ಇಳಿದುಹೋಯಿತು. "ಒಂದೂ ಸೇದಿಲ್ಲ ಬೇಟಿ, ಅಲ್ಲಾನ ಆಣೆ—"

"ಮರದ ಪುಡಿ ಐತೆ ಕೈಯಾಗೆ! ಹಂಗೇ ಎತ್ಕಂತೀಯಾ ಮಗೂನ?"

ಸಾಬರು ಬಚ್ಚಲಿಗೆ ಓಡಿದ ರಭಸಕ್ಕೆ ಚೊಂಬು ಉರುಳಿ ಅಂಗಳದವರೆಗೂ ಬಂತು. ಕೈ, ಮುಖ, ಮೊಣಕೈವರೆಗೂ ತೊಳೆದು ಬಂದು ಕೂತರು. ಸನೋಬರ್ ಅವರ ಮಡಿಲಲ್ಲಿ ಮಗು ಇಟ್ಟಳು. ಮಗು ಅವರನ್ನು ನೋಡಿತು. ಇವರು ಮಗುವನ್ನು ನೋಡಿದರು. ಎದೆಯ ಗುರುಗುರು ಈಗ ಕೇಳಿದರೂ ಕೇಳದಂತಿತ್ತು. ಮರುಕ್ಷಣ ಮುನ್ನಿ ಎರಡೂ ಮುಷ್ಟಿಯಲ್ಲಿ ಅಜ್ಜನ ಗಡ್ಡ ಹಿಡಿದುಬಿಟ್ಟಿತು.

ಸುಗ್ರಾ ಒಂದು ಮುಷ್ಟಿ ಬಿಡಿಸಿದರೆ ಇನ್ನೊಂದು ಬಿಗಿಯಾಯಿತು. ಅದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಹಿಡಿಯಿತು. ಅಮಾನ್ ಕಾರಿನಿಂದ ಹಾರ್ನ್ ಹೊಡೆದ. "ಹೊರಡಾಣ, ಬಿಸಿಲೇರ್ತೈತೆ!"

"ಬಿಡು ಮುನ್ನಿ, ಬಿಡಮ್ಮಾ" ಎಂದು ಸನೋಬರ್ ರಮಿಸಿದಳು.

ಸಾಬರು ನೋವಿಗೋ ಸಂತೋಷಕ್ಕೋ ಕಣ್ಣಲ್ಲಿ ನೀರು ತುಂಬಿಕೊಂಡು, ಕತ್ತು ಸೊಟ್ಟಗೆ ಮಾಡಿಕೊಂಡೇ ಕೈ ಅಡ್ಡ ಹಿಡಿದರು. "ಯಾರೂ ಜೋರು ಮಾಡ್ಬೇಡ್ರಿ. ಹಿಡಿದಿದ್ದನ್ನ ಬಿಡೋದು ಎಷ್ಟು ಕಷ್ಟ ಅಂತ ನಂಗೊಬ್ಬನಿಗೇ ಗೊತ್ತು."

ಅಮಾನ್ ಇಂಜಿನ್ ಆರಿಸಿ ಕೆಳಗಿಳಿದ. ಸುಗ್ರಾ ಎಲ್ಲರಿಗೂ ಇನ್ನೊಂದು ಸಲ ಚಾ ಇಡಲು ಒಳಗೆ ಹೋದರು.