ಪೊರಕೆ ಎತ್ತಿ ನಿಂತ ಸಂಜೆಗಳು

ಮೊನ್ನೆ ಜೇಡರ ಬಲೆ ತೆಗೆಯಲೆಂದು ಉದ್ದ ಕೋಲಿನ ಪೊರಕೆಯನ್ನು ತಲೆಯ ಮೇಲಕ್ಕೆತ್ತಿದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ಅಗಲವಾದವು, ಮಂಡಿ ತುಸು ಬಾಗಿತು. ಎಲ್ಲಿಂದಲೋ ಬೆವರು ಹತ್ತಿದ ರಬ್ಬರಿನ ವಾಸನೆ... ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ಬಾಸ್ಕೆಟ್‌ಬಾಲ್ ಕಾಣದೆ ವರ್ಷಗಳಾಗಿವೆ.

ಮಗಳು ಆಗ ಇಲ್ಲಿನ ಕಾಲೇಜೊಂದರ ಹುಡುಗಿಯರ ತಂಡದಲ್ಲಿದ್ದಳು. ಮಂಡಿ ತಿರುಚಿ ಬಿದ್ದು, ಆಪರೇಷನ್ ಆಗಿ, ಡಾಕ್ಟರು ಧಾರಾಳವಾಗಿ ಆಡಬಹುದು ಎಂದ ಮೇಲೂ ಅವಳು ನೆಗೆಯುತ್ತಿರಲಿಲ್ಲ. ಬುಟ್ಟಿಯ ಕೆಳಗಿನವರೆಗೆ ಬಂದು ಚೆಂಡನ್ನು ಇನ್ನೊಬ್ಬಳಿಗೆ ದಾಟಿಸಿಬಿಡುವಳು. ಹೀಗೇ ಆದರೆ ಮೊದಲ ಮ್ಯಾಚಿಗೆ ಮುಂಚೆಯೇ ತಂಡದಿಂದ ಹೊರಗೆ. ಅವಳ ಗೆಳತಿಯರೆಲ್ಲ ಇದ್ದದ್ದು ಆ ತಂಡದಲ್ಲೇ.

ಆಗ ಅವಳನ್ನು ಒಪ್ಪಿಸಿದ್ದು ಡೆವಲಪ್‌ಮೆಂಟ್ ಕೋಚ್ ಎಂಬ ಇನ್ನೊಬ್ಬರಿಗೆ. ಒಂದು ತಂಡಕ್ಕೆ ಎರಡೆರಡು ಕೋಚ್ ಏಕೆ? ಒಂದೇ ಮದುವೆಗೆ ಬಂದ ಇಬ್ಬರು ಪುರೋಹಿತರ ಹಾಗೆ ಇವರು ಜಗಳವಾಡುವುದಿಲ್ಲವೇ? ಇಂಥ ಚಿಂತೆಗಳಿಗೆ ನನ್ನಲ್ಲಿ ಎಂದೂ ಬರವಿಲ್ಲ. ಕೇಳಿಯೇಬಿಟ್ಟೆ.

"ದೊಡ್ಡ ಕೋಚ್ ಟೀಮನ್ನು ನೋಡುದು, ನಾನು ಒಂದೊಂದೇ ಹುಡುಗಿಯನ್ನು ನೋಡುದು. ಅಷ್ಟೇ ಮಾರಾಯ್ರೆ."

ಈ ಕೋಚ್ ಮಂಗಳೂರಿನವರು. ಮದುವೆಯಾಗಿ ಇಲ್ಲಿಗೆ ಬಂದು, ಹಗಲು ಕ್ಲಾಂಗ್ ಬಂದರಿನ ಒಂದು ಆಫೀಸಿನಲ್ಲಿ ಕಂಟೇನರುಗಳ ಲೆಕ್ಕ ನೋಡುತ್ತ, ಸಂಜೆ ಚರ್ಚಿನ ಅಂಗಳದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದರಂತೆ. ಕೊನೆಗೆ ಸಂಜೆಯ ಕೆಲಸವೇ ಹಗಲಿನದನ್ನು ನುಂಗಿತು.

ನಾನು ಕಾಲೇಜಿನ ಅಂಗಳದ ಪಕ್ಕ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಗಳು ಕಾಲೆತ್ತಿದಾಗಲೆಲ್ಲ "ಜೋಪಾನ!" ಎನ್ನುತ್ತಿದ್ದೆ. ಒಂದು ಸಂಜೆ ಅವರು ಮೂಲೆಯಲ್ಲಿದ್ದ ಪೊರಕೆ ತಂದು ನನ್ನ ಕೈಗಿತ್ತರು.

"ಇದನ್ನು ಎತ್ತಿ ಹಿಡ್ಕೊಂಡು ಎದುರು ನಿಲ್ಲಿ. ಎತ್ತರದ ಹುಡುಗಿ ಅಡ್ಡ ಬಂದ ಹಾಗೆ ಆಗ್ತದೆ."

"ನಾನಾ? ಅವಳ ಮೇಲೆ ಬಿದ್ಬಿಟ್ರೆ?"

"ಬೀಳುದಿಲ್ಲ. ಒಂದೇ ರೂಲು. ಚೆಂಡು ಮಾತ್ರ ನೋಡ್ಬೇಕು, ಅವಳ ಮಂಡಿ ನೋಡ್ಲಿಕ್ಕಿಲ್ಲ."

"ಕೋಚ್, ಪ್ಲೀಸ್ ಲಾ! ನಾಟ್ ಮೈ ಮದರ್!" ಎಂದಳು ಮಗಳು, ಮಾತಿನ ಕೊನೆಗೆ ಇಲ್ಲಿನವರ ‘ಲಾ’ ಅಂಟಿಸಿ. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅಮ್ಮ ಪೊರಕೆ ಎತ್ತಿದರೆ ಅದರ ಅರ್ಥವೇ ಬೇರೆ, ಅದು ಯಾವ ದೇಶದಲ್ಲಾದರೂ.

ನನ್ನನ್ನೇ ಏಕೆ ಆರಿಸಿದಿರಿ ಎಂದು ಆಮೇಲೆ ಕೇಳಿದೆ. "ಹಾರುವ ಮೊದಲು ಅವಳು ಬುಟ್ಟಿ ನೋಡುದಿಲ್ಲ, ನಿಮ್ಮ ಮುಖ ನೋಡುದು. ಆ ಮುಖಕ್ಕೆ ಸ್ವಲ್ಪ ಕೆಲಸ ಇರ್ಲಿ ಅಂತ."

ಹಲವು ಸಂಜೆ ನಿಂತೆ. ತೋಳು ಸೋತಿತು, ಪೊರಕೆಯ ಕಸವೆಲ್ಲ ತಲೆಗೆ ಬಿತ್ತು. ಆದರೆ ಚೆಂಡನ್ನೇ ನೋಡುತ್ತ ನೋಡುತ್ತ, ನಾಚಿಕೆಯ ಮಾತು, ನನಗೆ ಗೆಲ್ಲುವ ಹುಚ್ಚು ಹಿಡಿಯಿತು. ಒಂದು ದಿನ ಅವಳ ಚೆಂಡನ್ನು ಮೇಲಿಂದ ಮೇಲೆ ಬಡಿದು ಕೆಡವಿ, ಕೂಗಿ ಕುಣಿದೆ.

"ಅಮ್ಮಾ, ಚೀಟಿಂಗ್ ಲಾ!" ಎಂದವಳೇ ಸಿಟ್ಟಿನಿಂದ ಪೊರಕೆಯನ್ನೂ ಮೀರಿ ನೆಗೆದಳು. ನಾನು ರೂಲಿನಂತೆ ಚೆಂಡನ್ನೇ ನೋಡಿದೆ. ಅದು ಬಲೆಯೊಳಗೆ ಇಳಿಯಿತು. ಬೆನ್ನ ಹಿಂದೆ ಎರಡು ಪಾದಗಳು ಧಪ್ಪೆಂದವು... ತಿರುಗಿ ನೋಡುವಷ್ಟರಲ್ಲಿ ಅವಳು ಮುಂದಿನ ಚೆಂಡಿಗೆ ಕೈ ಚಾಚಿ ನಿಂತಿದ್ದಳು.

ಮೊದಲ ಮ್ಯಾಚಿನಲ್ಲಿ ಅವಳು ಹಾಗೆಯೇ ನೆಗೆದಾಗ ನಾನು ಬೆಂಚಿನ ಕಡೆ ನೋಡಿದೆ. ಅವರಿಲ್ಲ. ಹುಡುಕುತ್ತ ಹೋದರೆ, ಹಿಂಭಾಗದ ಅಂಗಳದಲ್ಲಿ ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟು, ಹೊಸ ಹುಡುಗಿಯೊಬ್ಬಳಿಂದ ಅವುಗಳ ನಡುವೆ ಚೆಂಡು ಪುಟಿಸುತ್ತಿದ್ದರು.

"ಬನ್ನಿಪ್ಪಾ, ನಿಮ್ಮ ಹುಡುಗಿ ಹೇಗೆ ಆಡ್ತಿದ್ದಾಳೆ ನೋಡಿ!"

"ಅವಳದ್ದು ಆಯ್ತಲ್ಲ," ಎಂದರು, ತಿರುಗದೆಯೇ. "ಇವಳ ಎಡಗೈ ಇನ್ನೂ ನಿದ್ದೆಯಲ್ಲಿದೆ."

ಅವರು ಒಂದಾದರೂ ಮ್ಯಾಚನ್ನು ಕೊನೆಯವರೆಗೆ ನೋಡಿದ್ದರೇ? ಗೆದ್ದ ತಂಡದ ಫೋಟೋದಲ್ಲಿ ಅವರಿಲ್ಲ. ಕೇಳಬೇಕೆಂದುಕೊಂಡದ್ದು ಹಾಗೆಯೇ ಉಳಿಯಿತು. ಹೋದ ತಿಂಗಳು ಅವರು ತೀರಿಕೊಂಡರು ಎಂದು ಮಗಳೇ ಫೋನಿನಲ್ಲಿ ಹೇಳಿದಳು. ಅಂಥ ಹುದ್ದೆ ಈಗ ಆ ಕಾಲೇಜಿನಲ್ಲಿ ಇಲ್ಲವಂತೆ. ಹಾಗಾದರೆ ಒಂದೊಂದೇ ಹುಡುಗಿಯನ್ನು ನೋಡುವವರು ಯಾರು? ನನಗೆ ಹೊಸದೊಂದು ಚಿಂತೆ.

ಜೇಡ ಯಾವಾಗಲೋ ಮೂಲೆಗೆ ಸರಿದಿತ್ತು. ನಾನಿನ್ನೂ ಪೊರಕೆ ಎತ್ತಿಕೊಂಡೇ ನಿಂತಿದ್ದೆ, ಎದುರಿನಿಂದ ಯಾರೋ ನೆಗೆಯಲಿದ್ದಾರೆ ಎಂಬಂತೆ...